ಮುಳ್ಳಿದ್ದರೆ ಜಾತಿ ಜಾಸ್ತಿಯಾಗುತ್ತಾ? ಸ್ವಲ್ಪ ತಾಳಿ

ಮುಳ್ಳಿನಂಥ ಒಂದು ಲಕ್ಷಣ ಇದ್ದರೆ ಆ ಗಿಡಗಳಲ್ಲಿ ಹೊಸ ಜಾತಿಗಳು (ಸ್ಪೀಶೀಸ್) ಬೇಗ ಬೇಗ ಹುಟ್ಟುತ್ತವೆ ಅಂತ ವಂಶವೃಕ್ಷ ನೋಡಿ ಹೇಳಿಬಿಡುವವರಿದ್ದಾರೆ. ಅದು ಅಷ್ಟು ಸುಲಭವಲ್ಲ. ತರಕಾರಿಯಿಂದಲೇ ಶುರುಮಾಡೋಣ. ಕೆ.ಆರ್. ಮಾರ್ಕೆಟ್‌ನಿಂದ ತಂದ ಯಾವ ತರಕಾರಿ ಚೀಲದಲ್ಲೂ ಟೊಮೆಟೊ, ಆಲೂಗಡ್ಡೆ, ಬದನೆ, ಮೆಣಸಿನಕಾಯಿ ಇದ್ದೇ ಇರುತ್ತವೆ. ನಾಲ್ಕೂ ಒಂದೇ ಕುಟುಂಬ, ಸೊಲನೇಸಿ. ಹೊಗೆಸೊಪ್ಪು, ಉಮ್ಮತ್ತಿ, ರಾತ್ರಿರಾಣಿ ಕೂಡ ಅದೇ ಬಳಗ.

ಈ ಬಳಗದ ಎಷ್ಟೋ ಕಾಡುಗಿಡಗಳು ತಮ್ಮದೇ ಪರಾಗವನ್ನು ಒಪ್ಪುವುದಿಲ್ಲ. ಪರಾಗ ಮೊಳೆತು ನಳಿಕೆ ಇಳಿಸಲು ಶುರುಮಾಡಿದರೂ ಅರ್ಧದಾರಿಯಲ್ಲೇ ತಡೆದುಬಿಡುತ್ತವೆ. ಕಾಯಿ ಕಟ್ಟಬೇಕಾದರೆ ಬೇರೆ ಗಿಡದ ಪರಾಗವೇ ಬರಬೇಕು. ನಮ್ಮ ಹೊಲದ ಟೊಮೆಟೊಗೆ ಆ ತಡೆ ಇಲ್ಲ, ಒಂಟಿ ಗಿಡವೂ ಕಾಯಿ ಬಿಡುತ್ತದೆ. ಸೊಲನೇಸಿಯಲ್ಲಿ ಈ ತಡೆ ಮತ್ತೆ ಮತ್ತೆ ಕಳೆದುಹೋಗಿದೆ, ಹೋದದ್ದು ವಾಪಸ್ ಬಂದ ಸುಳಿವಿಲ್ಲ. ಹಾಗಾದರೆ ಇಷ್ಟೊತ್ತಿಗೆ ಅದು ಪೂರ್ತಿ ಮಾಯವಾಗಬೇಕಿತ್ತು, ಅಲ್ವಾ?

2010ರಲ್ಲಿ ಎಮ್ಮಾ ಗೋಲ್ಡ್‌ಬರ್ಗ್ ಮತ್ತು ಜೊತೆಗಾರರು ಕೊಟ್ಟ ಉತ್ತರ ಇದು: ತಡೆ ಕಳೆದುಕೊಂಡ ವಂಶಗಳು ಬೇಗ ಬೇಗ ಹೊಸ ಜಾತಿಗಳಾಗಿ ಒಡೆಯುತ್ತವೆ ನಿಜ, ಆದರೆ ಅದಕ್ಕಿಂತ ಬೇಗ ಅಳಿಯುತ್ತವೆ. ಕೂಡಿ ಕಳೆದರೆ ತಡೆ ಉಳಿಸಿಕೊಂಡವೇ ಮುಂದೆ.

ಈ ಲೆಕ್ಕದ ಹಿಂದಿರುವ ಗಣಿತದ ಮಾದರಿ 2007ರಲ್ಲಿ ಬಂದ ಬಿಸ್ಸಿ (BiSSE). ಮ್ಯಾಡಿಸನ್, ಮಿಡ್‌ಫರ್ಡ್, ಓಟ್ಟೋ ಕಟ್ಟಿದ್ದು. ಲಕ್ಷಣಕ್ಕೆ ಎರಡು ಸ್ಥಿತಿ, ಇದೆ ಅಥವಾ ಇಲ್ಲ. ಒಂದೊಂದು ಸ್ಥಿತಿಗೂ ಒಂದು ಹುಟ್ಟಿನ ದರ, ಒಂದು ಅಳಿವಿನ ದರ, ಇನ್ನೊಂದು ಸ್ಥಿತಿಗೆ ಜಾರುವ ಒಂದು ದರ. ಒಟ್ಟು ಆರು. ಈಗಿನ ಜಾತಿಗಳ ವಂಶವೃಕ್ಷ ಕೊಟ್ಟರೆ, ಅದು ಹುಟ್ಟಿಬರಲು ಯಾವ ಆರು ಸಂಖ್ಯೆಗಳು ಹೆಚ್ಚು ಹೊಂದುತ್ತವೆ ಅಂತ ಹುಡುಕುತ್ತದೆ.

ತೊಂದರೆ ಏನೆಂದರೆ, ಇದು 'ಹೌದು' ಅನ್ನೋದು ಸ್ವಲ್ಪ ಜಾಸ್ತಿ. 2015ರಲ್ಲಿ ರಾಬೋಸ್ಕಿ ಮತ್ತು ಅದೇ ಗೋಲ್ಡ್‌ಬರ್ಗ್ ಜಾತಿಯ ಲ್ಯಾಟಿನ್ ಹೆಸರಿನಲ್ಲಿ ಎಷ್ಟು ಅಕ್ಷರ ಇವೆ ಅನ್ನೋದನ್ನೇ ಲಕ್ಷಣ ಅಂತ ಕೊಟ್ಟು ನೋಡಿದರು. ಅದಕ್ಕೂ ಜಾತಿ ಹುಟ್ಟುವ ವೇಗಕ್ಕೂ ನಂಟಿದೆ ಅಂತ ಉತ್ತರ ಬಂತು! ವೃಕ್ಷದ ಒಂದು ಮೂಲೆಯಲ್ಲಿ ಬೇರೆ ಯಾವುದೋ ಕಾರಣಕ್ಕೆ ವೇಗ ಹೆಚ್ಚಿದ್ದರೆ, ಕೈಗೆ ಸಿಕ್ಕ ಲಕ್ಷಣದ ತಲೆಗೇ ಅದನ್ನು ಕಟ್ಟುತ್ತದೆ. 2016ರಲ್ಲಿ ಬಂದ ಹಿಸ್ಸಿ (HiSSE) ಮಾದರಿ ನಾವು ಅಳೆಯದ, ಅಡಗಿದ ಲಕ್ಷಣಕ್ಕೂ ಜಾಗ ಕೊಡುತ್ತದೆ. ಅದರ ಜೊತೆ ಹೋಲಿಸದೆ ಬರೀ ಬಿಸ್ಸಿ ಓಡಿಸಿ ತಂದ ಪ್ರಬಂಧವನ್ನು ನಾನು ಸುಮ್ನೆ ವಾಪಸ್ ಕಳಿಸುತ್ತೇನೆ.

ನನ್ನ ಹತ್ತಿರ ಬರುವ ವಿದ್ಯಾರ್ಥಿಗಳಿಗೆ ಅದಕ್ಕೂ ಮೊದಲು ನಾನು ಕೇಳುವ ಪ್ರಶ್ನೆ ಬೇರೆ: ನಿನ್ನ ವೃಕ್ಷದಲ್ಲಿ ಈ ಲಕ್ಷಣ ಎಷ್ಟು ಸಲ ಬದಲಾಗಿದೆ? ಮುಳ್ಳು ಒಂದೇ ಸಲ ಹುಟ್ಟಿ, ಆ ಕೊಂಬೆಯಲ್ಲಿ ನೂರಾರು ಜಾತಿ ಇದ್ದರೂ ನಿಮ್ಮ ಕೈಲಿರುವ ಸಾಕ್ಷಿ ಒಂದೇ. ಸೊಲನೇಸಿ ಕೆಲಸಕ್ಕೆ ತೂಕ ಬರುವುದು ತಡೆ ಬೇರೆ ಬೇರೆ ಕೊಂಬೆಗಳಲ್ಲಿ ಕಳೆದಿರುವುದರಿಂದ.

ಅಳಿವಿನ ದರವನ್ನಂತೂ ನಾನು ಕಣ್ಣುಮುಚ್ಚಿ ನಂಬುವುದಿಲ್ಲ. ಚಿಕ್ಕಪೇಟೆಯಲ್ಲಿ ಈವತ್ತು ತೆರೆದಿರುವ ಅಂಗಡಿಗಳನ್ನಷ್ಟೇ ಎಣಿಸಿ, ಇಷ್ಟು ವರ್ಷದಲ್ಲಿ ಎಷ್ಟು ಬಾಗಿಲು ಹಾಕಿದವು ಅಂತ ಹೇಳಿ ನೋಡೋಣ. 2020ರಲ್ಲಿ ಲೂಕಾ ಮತ್ತು ಪೆನೆಲ್ ಇದನ್ನೇ ಗಣಿತದಲ್ಲಿ ತೋರಿಸಿದರು: ಹುಟ್ಟು, ಅಳಿವಿನ ದರಗಳು ಕಾಲಕ್ಕೆ ತಕ್ಕಂತೆ ಬದಲಾಗಬಹುದು ಅಂತ ಬಿಟ್ಟರೆ, ಬದುಕಿರುವ ಜಾತಿಗಳ ಒಂದೇ ವೃಕ್ಷಕ್ಕೆ ಲೆಕ್ಕವಿಲ್ಲದಷ್ಟು ಇತಿಹಾಸಗಳು ಅಷ್ಟೇ ಚೆನ್ನಾಗಿ ಹೊಂದುತ್ತವೆ.

ಪಳೆಯುಳಿಕೆ ಸಿಕ್ಕರೆ ಸ್ವಲ್ಪ ಆಸರೆ. ಸೊಲನೇಸಿಯಲ್ಲಿ ಅದು ಅಪರೂಪ. 2017ರಲ್ಲಿ ದಕ್ಷಿಣ ಅಮೆರಿಕದ ತುದಿಯ ಪ್ಯಾಟಗೋನಿಯಾದ, ಸುಮಾರು 5.2 ಕೋಟಿ ವರ್ಷ ಹಳೆಯ, ಕಲ್ಲಿನಲ್ಲಿ ಅಚ್ಚಾಗಿ ಉಳಿದ ಹಣ್ಣುಗಳ ವರದಿ ಬಂತು. ಕಾಗದದಂಥ ಹೊದಿಕೆಯೊಳಗೆ ಕೂತ ಫೈಸಾಲಿಸ್, ಥೇಟ್ ನಮ್ಮ ರಸಭರಿಯ ಬಂಧು. ಕುಟುಂಬದ ವಯಸ್ಸು ಡಿಎನ್‌ಎ ಲೆಕ್ಕಗಳು ಹೇಳಿದ್ದಕ್ಕಿಂತ ತುಂಬಾ ಹಿಂದಕ್ಕೆ ಹೋಯಿತು. ವೃಕ್ಷದ ವಯಸ್ಸು ಬದಲಾದರೆ, ದಶಲಕ್ಷ ವರ್ಷಕ್ಕೆ ಇಷ್ಟು ಅಂತ ಬರೆದ ಆರೂ ದರಗಳನ್ನು ಮತ್ತೆ ಲೆಕ್ಕ ಹಾಕಬೇಕು.