ಗ್ಯಾಸ್ ಡಿಟೆಕ್ಟರ್ ತೋರಿಸುವ ಸೊನ್ನೆ ನಿಜವೇ?

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಎಂದರೆ ಶೇಂಗಾ, ಶೇಂಗಾ ಎಂದರೆ ಎಣ್ಣೆ ಮಿಲ್ಲು. ಎಕ್ಸ್‌ಪೆಲ್ಲರ್‌ನಲ್ಲಿ ಎಷ್ಟೇ ಒತ್ತಿದರೂ ಹಿಂಡಿಯಲ್ಲಿ ಸುಮಾರು ಶೇ. 6ರಿಂದ 8ರಷ್ಟು ಎಣ್ಣೆ ಉಳಿದುಬಿಡುತ್ತದೆ. ಅದನ್ನೂ ಬಿಡದೆ ತೆಗೆಯಬೇಕೆಂದರೆ ಸಾಲ್ವೆಂಟ್ ಪ್ಲಾಂಟ್ ಬೇಕು. ಅಲ್ಲಿ ಹಿಂಡಿಯನ್ನು ತೊಳೆಯುವುದು ಹೆಕ್ಸೇನ್‌ನಿಂದ. ಅದು ಪೆಟ್ರೋಲಿನ ದಾಯಾದಿ. ಗಾಳಿಯಲ್ಲಿ ಅದರ ಆವಿ ಸುಮಾರು ಶೇ. 1.1 ಇದ್ದರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಈ ಕನಿಷ್ಠ ಮಿತಿಗೆ ಎಲ್‌ಇಎಲ್ ಎನ್ನುತ್ತಾರೆ. ಡಿಟೆಕ್ಟರ್ ಪರದೆಯ ಮೇಲೆ 100 ಎಂದರೆ ಇದೇ 1.1. ಸಾಮಾನ್ಯವಾಗಿ 20ಕ್ಕೆ ಮೊದಲ ಅಲಾರಂ, 40 ಅಥವಾ 50ಕ್ಕೆ ಎರಡನೆಯದು.

ಹೆಕ್ಸೇನ್ ಆವಿ ಗಾಳಿಗಿಂತ ಮೂರು ಪಟ್ಟು ಭಾರ. ಪಂಪ್ ಗ್ಲ್ಯಾಂಡ್‌ನಲ್ಲಿ, ಅಂದರೆ ಪಂಪಿನ ದಂಡ ಹೊರಬರುವ ಸಂದಿನಲ್ಲಿ, ಸೋರಿದ್ದು ನೆಲ ಹಿಡಿದು ಹರಿದು ಚರಂಡಿ, ಗುಂಡಿ ಸೇರುತ್ತದೆ. ಆದ್ದರಿಂದ ಸೆನ್ಸರ್ ಇರಬೇಕಾದದ್ದು ನೆಲದಿಂದ 30–45 ಸೆಂ.ಮೀ. ಎತ್ತರದಲ್ಲಿ. ಅಷ್ಟು ಕೆಳಗಿದ್ದರೆ ನೆಲ ತೊಳೆಯುವ ನೀರು, ಕೆಂಪು ಧೂಳು, ಹಿಂಡಿಯ ಪುಡಿ ಎಲ್ಲವೂ ಅದರ ಬಾಯಿಗೇ.

ಹೆಚ್ಚಿನ ಕಡೆ ಇರುವುದು ಪೆಲ್ಲಿಸ್ಟರ್ ಸೆನ್ಸರ್. ಒಳಗೆ ಪ್ಲಾಟಿನಂ ತಂತಿ ಸುತ್ತಿದ ಎರಡು ಪುಟ್ಟ ಮಣಿಗಳು, ಎರಡೂ ಸುಮಾರು 500 ಡಿಗ್ರಿ ಕಾದಿರುತ್ತವೆ. ಒಂದಕ್ಕೆ ಮಾತ್ರ ವೇಗವರ್ಧಕದ ಲೇಪ. ಆವಿ ಬಂದರೆ ಆ ಮಣಿಯ ಮೇಲೆ ಉರಿಯುತ್ತದೆ, ಮಣಿ ಇನ್ನಷ್ಟು ಕಾಯುತ್ತದೆ, ತಂತಿಯ ವಿದ್ಯುತ್ ರೋಧ ಏರುತ್ತದೆ. ಎರಡು ಮಣಿಗಳ ನಡುವಿನ ಈ ವ್ಯತ್ಯಾಸವೇ ಪರದೆಯ ಮೇಲಿನ ಅಂಕಿ. ಲೇಪ ಸತ್ತಿದ್ದರೆ? ಆಗ ಏನೂ ಉರಿಯುವುದಿಲ್ಲ, ವ್ಯತ್ಯಾಸವೂ ಇಲ್ಲ, ಪರದೆ ಅಚ್ಚುಕಟ್ಟಾಗಿ ಸೊನ್ನೆ ತೋರಿಸುತ್ತದೆ. ತಂತಿ ತುಂಡಾದರೆ ಯಂತ್ರ ಫಾಲ್ಟ್ ಎಂದು ಕೂಗುತ್ತದೆ. ಲೇಪ ಸತ್ತರೆ ಕೂಗುವುದಿಲ್ಲ.

ಲೇಪವನ್ನು ಕೊಲ್ಲುವುದರಲ್ಲಿ ಸಿಲಿಕೋನ್‌ಗೆ ಮೊದಲ ಸ್ಥಾನ. ಬಾಗಿಲ ಕೀಲಿಗೆ ಹೊಡೆಯುವ ಸ್ಪ್ರೇ, ಸಂದು ಮುಚ್ಚುವ ಸೀಲೆಂಟ್, ಕೆಲವು ಪಾಲಿಶ್‌ಗಳು: ಇವುಗಳ ಆವಿ ಬಿಸಿ ಮಣಿಯ ಮೇಲೆ ಸಿಲಿಕಾ ಪದರವಾಗಿ ಕೂರುತ್ತದೆ. ಅದನ್ನು ತೊಳೆದು ತೆಗೆಯಲಾಗದು, ಸೆನ್ಸರ್ ಬದಲಿಸಬೇಕು. ಸೆನ್ಸರ್ ಹತ್ತಿರ ಸಿಲಿಕೋನ್ ಇರುವ ಡಬ್ಬಿಯನ್ನೇ ತರಬಾರದು.

ಇನ್ನು ಸಿಗರೇಟ್ ಲೈಟರ್‌ನ ಗ್ಯಾಸ್ ಬಿಟ್ಟು ಪರೀಕ್ಷಿಸುವ ಚಾಳಿ. ಗೇಟಿನಲ್ಲೇ ಕಿತ್ತುಕೊಳ್ಳಬೇಕಾದ ವಸ್ತುವನ್ನು ಟೆಕ್ನಿಷಿಯನ್ನೇ ಒಳಗೆ ತರುವುದು ಒಂದು ಕಡೆಯಿರಲಿ, ಅಷ್ಟು ದಟ್ಟ ಗ್ಯಾಸ್ ಬಡಿದರೆ ಮಣಿ ಮಿತಿ ಮೀರಿ ಕಾದು ಹಾಳಾಗುತ್ತದೆ.

ಸರಿಯಾದ ದಾರಿ ಬಂಪ್ ಟೆಸ್ಟ್, ಅಂದರೆ ಪ್ರಮಾಣ ಗೊತ್ತಿರುವ ಗ್ಯಾಸನ್ನು ಸೆನ್ಸರ್‌ಗೆ ಬಿಟ್ಟು ನೋಡುವುದು. ಕಂಟ್ರೋಲ್ ರೂಮಿಗೆ ತಿಳಿಸಿ, ಆ ಪಾಯಿಂಟ್‌ನ ಟ್ರಿಪ್ ಬೈಪಾಸ್ ಮಾಡಿ, ಅಂದರೆ ಪರೀಕ್ಷೆಯ ಅಂಕಿಗೆ ಪ್ಲಾಂಟ್ ತಾನಾಗಿ ನಿಲ್ಲದಂತೆ ತಾತ್ಕಾಲಿಕವಾಗಿ ತಡೆಯಿರಿ. ಸುತ್ತ ಆವಿ ಇಲ್ಲವೆಂದು ಇನ್ನೊಂದು ಮೀಟರಿನಿಂದ ಖಚಿತಪಡಿಸಿಕೊಂಡು ಸೊನ್ನೆ ನೋಡಿ; ಆವಿಯಿರುವ ಗಾಳಿಯಲ್ಲಿ ಸೊನ್ನೆ ಹೊಂದಿಸಿದರೆ ಮುಂದೆ ಎಲ್ಲ ಅಂಕಿಯೂ ಕಡಿಮೆಯೇ. ನಂತರ ಕ್ಯಾಪ್ ಹಾಕಿ, ಶೇ. 2.5 ಮೀಥೇನ್ ಇರುವ ಸಿಲಿಂಡರ್‌ನಿಂದ ನಿಮಿಷಕ್ಕೆ ಅರ್ಧ ಲೀಟರ್‌ನಂತೆ, ಅಥವಾ ತಯಾರಕರು ಹೇಳಿದಷ್ಟು ಬಿಡಿ. ಶೇ. 2.5 ಎಂದರೆ ಮೀಥೇನ್‌ನ ಎಲ್‌ಇಎಲ್‌ನ ಅರ್ಧ, ಹಾಗಾಗಿ ಅಂಕಿ ಅರ್ಧ ನಿಮಿಷದೊಳಗೆ 50ರ ಆಸುಪಾಸಿಗೆ ಏರಬೇಕು. ನಿಧಾನವಾಗಿ ಏರಿ ಕೊನೆಗೆ 50 ಮುಟ್ಟಿದರೆ ಲೇಪ ಚೆನ್ನಾಗಿದೆ, ಬಾಯಿಯ ಲೋಹದ ಜಾಲರಿ ಕಟ್ಟಿಕೊಂಡಿದೆ. ಬೇಗ ಏರಿ 30ಕ್ಕೇ ನಿಂತರೆ ಲೇಪ ಸಾಯುತ್ತಿದೆ. ಆಷಾಢದ ಗಾಳಿಯಲ್ಲಿ ಈ ಕೆಲಸ ಮಾಡುವಾಗ ಎಚ್ಚರ: ಕ್ಯಾಪ್ ಸಡಿಲವಿದ್ದರೆ ಗಾಳಿ ಒಳನುಗ್ಗಿ ಅಂಕಿ ತಗ್ಗುತ್ತದೆ, ಸೆನ್ಸರ್ ಮೇಲೆ ಸುಳ್ಳು ಆರೋಪ ಬರುತ್ತದೆ. ಸಿಲಿಂಡರ್‌ನ ಅವಧಿ ಮುಗಿದಿಲ್ಲವೆಂದು ಲೇಬಲ್ ಓದಿಕೊಳ್ಳಿ.

ಹೆಕ್ಸೇನ್ ಇರುವಲ್ಲಿ ಮೀಥೇನ್ ಯಾಕೆ? ಮೀಥೇನ್ ಉರಿಯಲು ಹಟಮಾರಿ. ಲೇಪ ಕೆಡತೊಡಗಿದಾಗ ಮೊದಲು ಕೈಕೊಡುವುದು ಮೀಥೇನ್‌ನ ಅಂಕಿಯೇ, ಹಾಗಾಗಿ ರೋಗ ಬೇಗ ಗೊತ್ತಾಗುತ್ತದೆ. ಆದರೆ ಮೀಥೇನ್‌ಗೆ ಹೊಂದಿಸಿದ ಸೆನ್ಸರ್ ಹೆಕ್ಸೇನ್‌ಗೆ ಅರ್ಧಕ್ಕಿಂತಲೂ ಕಡಿಮೆ ತೋರಿಸಬಹುದು. ಪರದೆಯಲ್ಲಿ 20 ಕಂಡಾಗ ನಿಜಕ್ಕೂ 40, 50 ಇದ್ದೀತು. ತಯಾರಕರ ತಿದ್ದುಪಡಿ ಗುಣಾಂಕ ಸೇರಿಸದೆ ಅಲಾರಂ ಹೊಂದಿಸುವುದು ಅಪಾಯವನ್ನು ಅರ್ಧ ದಾರಿ ಒಳಗೆ ಬಿಟ್ಟುಕೊಂಡಂತೆ.

ಅಂಕಿ ಸರ್ರನೆ ಏರಿ ತಟ್ಟನೆ ಇಳಿದರೆ ಸೋರಿಕೆ ನಿಂತಿತೆಂದು ಒಳಗೆ ಹೋಗಬೇಡಿ. ಆವಿ ಅತಿ ದಟ್ಟವಾದಾಗ ಮಣಿಯ ಮೇಲೆ ಉರಿಯಲು ಆಮ್ಲಜನಕ ಸಾಲದೆಯೂ ಅಂಕಿ ಕುಸಿಯುತ್ತದೆ.

ಪರೀಕ್ಷೆ ಮುಗಿದ ಮೇಲೆ ಕ್ಯಾಪ್ ತೆಗೆದು, ಅಂಕಿ ಸೊನ್ನೆಗೆ ಇಳಿಯುವವರೆಗೆ ನಿಂತು, ಬೈಪಾಸ್ ತೆಗೆಸಿ. ಬೈಪಾಸ್ ಹಾಕಿದ ಮತ್ತು ತೆಗೆದ ಹೊತ್ತು ಎರಡೂ ಶಿಫ್ಟ್ ಪುಸ್ತಕದಲ್ಲಿರಲಿ. ಹಾಕಿದ್ದು ಮಾತ್ರ ಬರೆದಿದ್ದರೆ ಮುಂದಿನ ಶಿಫ್ಟಿನವರು ಪ್ಲಾಂಟ್ ವಹಿಸಿಕೊಳ್ಳಬಾರದು.