ಏಳು ಸಲ ಫೈನಲ್ ಫೋರ್, ಒಂದೂ ಕಪ್ ಇಲ್ಲ: ಹ್ಯೂಸ್ಟನ್ ತಂಡದ ಕಥೆ

2025ರ ಏಪ್ರಿಲ್ 7ರಂದು ಸ್ಯಾನ್ ಆಂಟೋನಿಯೋದಲ್ಲಿ ಹ್ಯೂಸ್ಟನ್ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ತಂಡ ಫ್ಲಾರಿಡಾ ಎದುರು ಫೈನಲ್ ಸೋತಿತು. ಸ್ಕೋರ್ 65-63. ಒಂದು ಹಂತದಲ್ಲಿ 12 ಪಾಯಿಂಟ್ ಮುಂದಿದ್ದ ತಂಡ ಅದು! ಏಳು ಸಲ ಫೈನಲ್ ಫೋರ್‌ಗೆ, ಅಂದ್ರೆ ಕೊನೆಯ ನಾಲ್ಕರ ಹಂತಕ್ಕೆ, ಬಂದರೂ ಒಮ್ಮೆಯೂ ಕಪ್ ಗೆದ್ದಿಲ್ಲ. ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಇಷ್ಟು ಸಲ ಹೀಗಾದ ತಂಡ ಬೇರೊಂದಿಲ್ಲ.

ಕಾಲೇಜು ತಂಡಗಳ ಈ ಎನ್‌ಸಿಎಎ ಟೂರ್ನಿ ಪೂರ್ತಿ ನಾಕೌಟ್. ವೃತ್ತಿಪರರ ಲೀಗ್ ಎನ್‌ಬಿಎಯಲ್ಲಿ ಇವತ್ತು ಸೋತರೆ ನಾಡಿದ್ದು ಇನ್ನೊಂದು ಪಂದ್ಯ ಇರುತ್ತದೆ. ಇಲ್ಲಿ ಇರುವುದು 40 ನಿಮಿಷ ಮಾತ್ರ.

ಕಥೆ ಶುರುವಾಗುವುದು ಕೋಚ್ ಗೈ ಲೂಯಿಸ್ ಅವರಿಂದ. 1964ರಲ್ಲಿ ಅವರು ಎಲ್ವಿನ್ ಹೇಯ್ಸ್ ಮತ್ತು ಡಾನ್ ಚೇನಿಯನ್ನು ಕರೆತಂದರು. ಹ್ಯೂಸ್ಟನ್ ತಂಡ ಸೇರಿದ ಮೊದಲ ಕಪ್ಪು ಆಟಗಾರರು ಇವರೇ. 1968ರ ಜನವರಿಯಲ್ಲಿ ಆಸ್ಟ್ರೋಡೋಮ್ ಕ್ರೀಡಾಂಗಣದಲ್ಲಿ 52,693 ಜನರ ಮುಂದೆ ಹ್ಯೂಸ್ಟನ್ 71-69ರಿಂದ ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯ ತಂಡ ಯುಸಿಎಲ್‌ಎಯನ್ನು ಸೋಲಿಸಿತು. ಹೇಯ್ಸ್ ಒಬ್ಬರದ್ದೇ 39 ಪಾಯಿಂಟ್. ಆದರೆ ಎರಡೇ ತಿಂಗಳಲ್ಲಿ, ಟೂರ್ನಿಯ ಸೆಮಿಫೈನಲ್‌ನಲ್ಲಿ, ಅದೇ ಯುಸಿಎಲ್‌ಎ 101-69ರಿಂದ ಬಡ್ಡಿ ಸಮೇತ ಸೇಡು ತೀರಿಸಿಕೊಂಡಿತು.

ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಜಾಸ್ತಿ ಕಾಡುವುದು 1983. ಲಾಗೋಸ್‌ನಿಂದ ಬಂದ ಒಲಾಜುವಾನ್, ಜೊತೆಗೆ ಕ್ಲೈಡ್ ಡ್ರೆಕ್ಸ್ಲರ್. ಡಂಕ್ ಮಾಡುವುದೇ, ಅಂದ್ರೆ ಹಾರಿ ಚೆಂಡನ್ನು ಮೇಲಿಂದ ರಿಂಗಿನೊಳಗೆ ತುರುಕುವುದೇ, ಇವರ ಗುರುತು, ಓಡುವುದೇ ಇವರ ಬಲ. ಆಲ್ಬುಕರ್ಕಿಯ ಫೈನಲ್‌ನಲ್ಲಿ ನಾರ್ತ್ ಕ್ಯಾರೊಲಿನಾ ಸ್ಟೇಟ್ ಎದುರು 42-35 ಮುಂದಿದ್ದಾಗ ಹ್ಯೂಸ್ಟನ್ ಆಟ ನಿಧಾನ ಮಾಡಿತು. ಆಗ ಶಾಟ್ ಕ್ಲಾಕ್, ಅಂದ್ರೆ ಇಷ್ಟು ಸೆಕೆಂಡಿನೊಳಗೆ ಎಸೆಯಲೇಬೇಕು ಅನ್ನುವ ಗಡುವು, ಇರಲಿಲ್ಲ, ಚೆಂಡು ಇಟ್ಟುಕೊಂಡು ಸುಮ್ನೆ ಸಮಯ ಕಳೆಯಬಹುದಿತ್ತು. ಎದುರಾಳಿ ಕೋಚ್ ಜಿಮ್ ವಾಲ್ವಾನೋ ಇದಕ್ಕೆ ಉಪಾಯ ಮಾಡಿದರು: ಬೇಕಂತಲೇ ಫೌಲ್ ಮಾಡಿಸಿ, ಹ್ಯೂಸ್ಟನ್ ಹುಡುಗರನ್ನು ಫ್ರೀ ಥ್ರೋ (ಯಾರೂ ಅಡ್ಡಿ ಮಾಡದ ಎಸೆತ) ಗೆರೆಗೆ ಕಳಿಸುವುದು. ಅದೇ ಅವರ ದೊಡ್ಡ ದೌರ್ಬಲ್ಯ. 52-52 ಆಗಿದ್ದಾಗ ಹ್ಯೂಸ್ಟನ್‌ನ ಆಲ್ವಿನ್ ಫ್ರಾಂಕ್ಲಿನ್ ಎಂಬ ಮೊದಲ ವರ್ಷದ ಹುಡುಗ ಎಸೆಯಲು ನಿಂತ. ಮೊದಲ ಎಸೆತ ಬಿದ್ದರೆ ಮಾತ್ರ ಎರಡನೆಯದು. ಬೀಳಲಿಲ್ಲ. ಕೊನೆಯ ಗಳಿಗೆಯಲ್ಲಿ ಎದುರಾಳಿ ತಂಡದ ವಿಟನ್‌ಬರ್ಗ್ ದೂರದಿಂದ ಎಸೆದ ಚೆಂಡು ರಿಂಗಿಗೂ ತಲುಪಲಿಲ್ಲ, ಅಲ್ಲೇ ನಿಂತಿದ್ದ ಅವರದೇ ತಂಡದ ಲೊರೆಂಜೊ ಚಾರ್ಲ್ಸ್ ಹಿಡಿದು ಡಂಕ್ ಮಾಡಿಬಿಟ್ಟ. 54-52. ಸೋತ ತಂಡದಲ್ಲಿದ್ದರೂ ಫೈನಲ್ ಫೋರ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿ ಒಲಾಜುವಾನ್‌ಗೇ ಸಿಕ್ಕಿತು. ಓಡಿ ಗೆಲ್ಲುವ ತಂಡ ನಿಂತು ಆಡಿದ್ದೇ ತಪ್ಪು ಅಂತ ನನಗೆ ಈಗಲೂ ಅನಿಸುತ್ತದೆ.

ಮರುವರ್ಷ ಫೈನಲ್‌ನಲ್ಲಿ ಜಾರ್ಜ್‌ಟೌನ್ ಎದುರು ಸೋಲು. ಆಮೇಲೆ 34 ವರ್ಷ ಟೂರ್ನಿಯಲ್ಲಿ ಒಂದೇ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ.

2014ರಲ್ಲಿ ಬಂದ ಕೋಚ್ ಕೆಲ್ವಿನ್ ಸ್ಯಾಂಪ್ಸನ್ ತಂಡದ ಸ್ವಭಾವವನ್ನೇ ಬದಲಿಸಿದರು. ಈಗ ಡಂಕ್‌ಗಿಂತ ಡಿಫೆನ್ಸ್ ಮತ್ತು ರಿಬೌಂಡ್ (ಗುರಿ ತಪ್ಪಿ ಪುಟಿದ ಚೆಂಡನ್ನು ಹಿಡಿಯುವುದು) ಮುಖ್ಯ. 2021ರಲ್ಲಿ ಮತ್ತೆ ಫೈನಲ್ ಫೋರ್. 2025ರ ಸೆಮಿಫೈನಲ್‌ನಲ್ಲಿ ಡ್ಯೂಕ್ ವಿರುದ್ಧ ಕೈತಪ್ಪಿದ್ದ ಪಂದ್ಯವನ್ನು 70-67ರಿಂದ ಗೆದ್ದರು. ಫೈನಲ್‌ನ ಕಡೇ ಕ್ಷಣದಲ್ಲಿ ಹ್ಯೂಸ್ಟನ್‌ನ ಎಮ್ಯಾನುಯೆಲ್ ಶಾರ್ಪ್ ಮೂರು ಪಾಯಿಂಟ್ ಎಸೆತಕ್ಕೆ ಹಾರಿದ. ಎದುರಿಗೆ ಫ್ಲಾರಿಡಾದ ವಾಲ್ಟರ್ ಕ್ಲೇಟನ್ ನುಗ್ಗಿ ಬಂದ. ಶಾರ್ಪ್ ಚೆಂಡನ್ನು ಕೆಳಗೆ ಬಿಟ್ಟ. ತಾನೇ ಮತ್ತೆ ಮುಟ್ಟಿದರೆ ಟ್ರಾವೆಲಿಂಗ್ ಎಂಬ ನಿಯಮಭಂಗ, ಹಾಗಾಗಿ ಅದನ್ನು ಎತ್ತಿಕೊಳ್ಳುವ ಹಾಗೂ ಇರಲಿಲ್ಲ.

ಬಿಗಿ ಡಿಫೆನ್ಸ್ ನಂಬಿದ ತಂಡದ ಪಂದ್ಯಗಳು ಒಂದೆರಡು ಪಾಯಿಂಟ್‌ನಲ್ಲೇ ತೀರ್ಮಾನವಾಗುವುದು ಜಾಸ್ತಿ. ಎದುರಾಳಿಯನ್ನು 65ಕ್ಕೆ ಕಟ್ಟಿಹಾಕಿದವರಿಗೆ ಬೇಕಿದ್ದದ್ದು ಇನ್ನೊಂದೇ ಒಂದು ಬಾಸ್ಕೆಟ್.