ಆಟೋಮ್ಯಾಟಿಕ್ ಪಿಕಪ್‌ನ ಗೇರ್ ಆಯಿಲನ್ನು ಮನೆಯಂಗಳದಲ್ಲೇ ಬದಲಿಸಬಹುದೇ?

ಹಾವೇರಿಯ ಓದುಗರೊಬ್ಬರ ಪ್ರಶ್ನೆ: "ನನ್ನ ಆಟೋಮ್ಯಾಟಿಕ್ ಗೇರಿನ ಡೀಸೆಲ್ ಪಿಕಪ್ 90,000 ಕಿಲೋಮೀಟರ್ ಓಡಿದೆ. ಅದರ ಗೇರ್ ಆಯಿಲ್ ಗಾಡಿ ಇರುವವರೆಗೂ ಬರುತ್ತದೆ ಎಂದು ಕೆಲವರು ಹೇಳಿದರೆ, ಈಗ ಅದನ್ನು ಮುಟ್ಟಿದರೆ ಗೇರ್‌ಬಾಕ್ಸ್ ಕೆಡುತ್ತದೆ ಎಂದು ಇನ್ನು ಕೆಲವರು ಹೆದರಿಸುತ್ತಾರೆ. ಎಂಜಿನ್ ಆಯಿಲನ್ನು ನಾನೇ ಬದಲಿಸಿಕೊಳ್ಳುತ್ತೇನೆ. ಇದನ್ನೂ ಮನೆಯಲ್ಲೇ ಮಾಡಬಹುದೇ? ಡಿಪ್‌ಸ್ಟಿಕ್ಕೇ ಇಲ್ಲದ ಮೇಲೆ ಎಷ್ಟು ತುಂಬಬೇಕೆಂದು ತಿಳಿಯುವುದು ಹೇಗೆ?"

ಮಾಡಬಹುದು. ಆದರೆ ಎಂಜಿನ್ ಆಯಿಲ್ ಬದಲಿಸಿದ ರೂಢಿಯ ಮೇಲೆಯೇ ಭಾರ ಹಾಕಿ ಈ ಕೆಲಸಕ್ಕೆ ಇಳಿಯಬಾರದು. ಹಳೆಯ ಆಯಿಲನ್ನು ಇಳಿಸುವುದು ಪಾನಾ ಹಿಡಿಯಲು ಬರುವ ಯಾರಿಗಾದರೂ ಸಾಧ್ಯ. ಹೊಸ ಆಯಿಲನ್ನು ಸರಿಯಾದ ಮಟ್ಟಕ್ಕೆ ತಂದು ನಿಲ್ಲಿಸುವುದೇ ಇಲ್ಲಿ ನಿಜವಾದ ಕೆಲಸ, ಮತ್ತು ಆ ಮಟ್ಟವನ್ನು ಕೊನೆಗೆ ನಿರ್ಧರಿಸುವುದು ಲೀಟರಿನ ಲೆಕ್ಕವಲ್ಲ, ಆಯಿಲಿನ ಬಿಸಿ. ನಿಮ್ಮ ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯವಾದದ್ದು.

ಮೊದಲು ನಿಮ್ಮ ಗಾಡಿಯ ಗೇರ್‌ಬಾಕ್ಸ್ ಯಾವ ಬಗೆಯದೆಂದು ಖಚಿತಪಡಿಸಿಕೊಳ್ಳಿ. ನಮ್ಮ ಎಪಿಎಂಸಿ ಪ್ರಾಂಗಣಗಳಲ್ಲಿ ಕಾಣುವ ಪಿಕಪ್‌ಗಳಲ್ಲಿ ಹೆಚ್ಚಿನವು ಕ್ಲಚ್ ಪೆಡಲ್ ಇರುವಂಥವು. ಅವುಗಳಿಗೆ ಈ ಉತ್ತರ ಅನ್ವಯಿಸುವುದಿಲ್ಲ. ಟೊಯೋಟಾ ಹೈಲಕ್ಸ್, ಇಸುಜು ವಿ-ಕ್ರಾಸ್‌ಗಳ ಆಟೋಮ್ಯಾಟಿಕ್ ಮಾದರಿಗಳಲ್ಲಿರುವುದು ಟಾರ್ಕ್ ಕನ್ವರ್ಟರ್ ಹೊಂದಿದ 6 ಗೇರಿನ ಪೆಟ್ಟಿಗೆ, ನಾನು ಹೇಳುತ್ತಿರುವುದು ಅದರ ಬಗ್ಗೆ. ಎಎಂಟಿ ಎಂದು ಕರೆಯುವ ವ್ಯವಸ್ಥೆಯಲ್ಲಿ ಕ್ಲಚ್ ಪೆಡಲ್ ಇಲ್ಲದಿದ್ದರೂ ಒಳಗಿರುವುದು ಸಾಮಾನ್ಯ ಗೇರ್‌ಬಾಕ್ಸೇ ಆದ್ದರಿಂದ ಅದರ ಆಯಿಲೂ ಬೇರೆ, ವಿಧಾನವೂ ಬೇರೆ.

ಈ ಪೆಟ್ಟಿಗೆಯಲ್ಲಿ ಆಯಿಲ್ ಬರೀ ಜಾರಿಕೆಗೆ ಇರುವ ವಸ್ತುವಲ್ಲ. ಎಂಜಿನ್ನಿನ ಶಕ್ತಿ ಟಾರ್ಕ್ ಕನ್ವರ್ಟರಿನೊಳಗೆ ಆಯಿಲಿನ ಹರಿವಿನ ಮೂಲಕವೇ ಗೇರಿಗೆ ದಾಟುತ್ತದೆ; ವಾಲ್ವ್ ಬಾಡಿಯ ಕಿರಿದಾದ ದಾರಿಗಳಲ್ಲಿ ಹರಿಯುವ ಆಯಿಲಿನ ಒತ್ತಡವೇ ಗೇರ್ ಬದಲಿಸುತ್ತದೆ; ಕ್ಲಚ್ ಪ್ಲೇಟುಗಳು ಎಷ್ಟು ಹಿಡಿಯಬೇಕು, ಎಷ್ಟು ಜಾರಬೇಕು ಎಂಬುದೂ ಅದರಲ್ಲಿ ಬೆರೆಸಿದ ರಾಸಾಯನಿಕಗಳ ಮೇಲೆ ನಿಂತಿದೆ. ಇದೆಲ್ಲದರಿಂದ ಹುಟ್ಟುವ ಶಾಖವನ್ನು ಹೊತ್ತು ಕೂಲರಿಗೆ ಒಯ್ಯುವುದೂ ಅದೇ ಆಯಿಲ್. ಅಂಕೋಲಾದಿಂದ ಭಾರ ಹೇರಿಕೊಂಡು ಅರಬೈಲ್ ಘಾಟ್ ಏರಿ ಹುಬ್ಬಳ್ಳಿಗೆ ಬರುವ ಗಾಡಿಯಲ್ಲಿ ವೇಗ ಕಡಿಮೆ, ಎಳೆತ ಹೆಚ್ಚು. ಕನ್ವರ್ಟರ್ ಒಳಗೆ ಜಾರುತ್ತಲೇ ಇರುತ್ತದೆ, ಆ ಜಾರಿಕೆಯೆಲ್ಲವೂ ಶಾಖವಾಗಿ ಆಯಿಲಿಗೆ ಇಳಿಯುತ್ತದೆ. ಇಂಥ ದುಡಿಮೆಯ ಗಾಡಿಗೆ ಜೀವನಪೂರ್ತಿಯ ಆಯಿಲ್ ಎಂಬ ಮಾತು ಸಲ್ಲದು. ಇಂಥ ಗೇರ್‌ಬಾಕ್ಸ್‌ಗಳನ್ನೇ ತಯಾರಿಸುವ ಜರ್ಮನಿಯ ಝಡ್‌ಎಫ್ ಕಂಪನಿಯು ತನ್ನ ಪೆಟ್ಟಿಗೆಗಳ ಆಯಿಲನ್ನು 80,000ದಿಂದ 1,20,000 ಕಿಲೋಮೀಟರಿನೊಳಗೆ ಬದಲಿಸಲು ಹೇಳುತ್ತದೆ. ನಿಮ್ಮ ಗಾಡಿಯ ಕೈಪಿಡಿಯಲ್ಲಿ ಕಠಿಣ ಬಳಕೆಗೆಂದು ಪ್ರತ್ಯೇಕವಾಗಿ ಬರೆದಿರುವ ಅವಧಿಯನ್ನು ನೋಡಿ; ಬ್ಯಾಡಗಿಗೆ ಮೆಣಸಿನಕಾಯಿ ಚೀಲ ಸಾಗಿಸುವ ಗಾಡಿ ಕಠಿಣ ಬಳಕೆಯದೇ.

ಆಯಿಲ್ ಕೊಳ್ಳುವಾಗ ಡಬ್ಬಿಯ ಮೇಲಿನ ಕಂಪನಿಯ ಹೆಸರಿಗಿಂತ ಕೈಪಿಡಿಯಲ್ಲಿ ಸೂಚಿಸಿದ ಗುಣಮಟ್ಟದ ಹೆಸರು ಮುಖ್ಯ. ಹೈಲಕ್ಸಿಗೆ ಬೇಕಾದದ್ದು ಎಟಿಎಫ್ (ಆಟೋಮ್ಯಾಟಿಕ್ ಗೇರಿನ ಆಯಿಲ್) ಡಬ್ಲ್ಯೂಎಸ್. ಅದು ಟೊಯೋಟಾದ್ದೇ ಹಳೆಯ ಟಿ-4 ಆಯಿಲಿಗಿಂತ ತೆಳು, ಒಂದರ ಬದಲಿಗೆ ಇನ್ನೊಂದನ್ನು ಹಾಕುವಂತಿಲ್ಲ. "ಎಲ್ಲಾ ಕೆಂಪು ಆಯಿಲೂ ಒಂದೇ" ಎಂಬ ಅಂಗಡಿಯ ಮಾತನ್ನು ನಂಬಬೇಡಿ. ಕೆಂಪು ಎಂಬುದು ಗುರುತಿಗೆ ಬೆರೆಸಿದ ಬಣ್ಣ, ಗುಣವಲ್ಲ.

ಪ್ರಮಾಣದ ವಿಷಯದಲ್ಲಿ ಒಂದು ಸಂಗತಿ ಹಲವರಿಗೆ ತಿಳಿದಿಲ್ಲ. ಕೆಳಗಿನ ಪ್ಲಗ್ ಬಿಚ್ಚಿದರೆ ಚೇಂಬರಿನಲ್ಲಿ, ಅಂದರೆ ಪೆಟ್ಟಿಗೆಯ ತಳದ ತಟ್ಟೆಯಲ್ಲಿ, ನಿಂತ ಆಯಿಲ್ ಮಾತ್ರ ಇಳಿಯುತ್ತದೆ. ಟಾರ್ಕ್ ಕನ್ವರ್ಟರ್, ವಾಲ್ವ್ ಬಾಡಿ ಮತ್ತು ಕೂಲರಿನ ಕೊಳವೆಗಳಲ್ಲಿರುವುದು ಅಲ್ಲೇ ಉಳಿಯುತ್ತದೆ. ಒಟ್ಟು 10 ಲೀಟರ್ ಹಿಡಿಯುವ ಪೆಟ್ಟಿಗೆಯಿಂದ 4 ಲೀಟರ್ ಇಳಿಯಿತೆಂದು ಇಟ್ಟುಕೊಳ್ಳಿ. ಮೊದಲ ಬಾರಿ ಬದಲಿಸಿದ ಮೇಲೆ ಹಳೆಯದು 6 ಲೀಟರ್ ಉಳಿದಿರುತ್ತದೆ, ಕೆಲವು ದಿನ ಓಡಿಸಿ ಮತ್ತೆ ಬದಲಿಸಿದರೆ 3.6 ಲೀಟರ್, ಮೂರನೆಯ ಬಾರಿಗೆ ಸುಮಾರು 2.2 ಲೀಟರ್. ಒಂದೇ ದಿನ ಯಂತ್ರ ಹಚ್ಚಿ ಒತ್ತಡದಿಂದ ಪೂರ್ತಿ ತೊಳೆಸುವುದಕ್ಕಿಂತ ನಾನು ಈ ನಿಧಾನದ ದಾರಿಯನ್ನೇ ಮೆಚ್ಚುತ್ತೇನೆ, ಏಕೆಂದರೆ 90,000 ಕಿಲೋಮೀಟರ್ ಓಡಿದ ಪೆಟ್ಟಿಗೆಯಲ್ಲಿ ಕುಳಿತ ಕೆಸರು ಒಮ್ಮೆಲೇ ಎದ್ದು ವಾಲ್ವ್ ಬಾಡಿಯ ಸಣ್ಣ ರಂಧ್ರಗಳಿಗೆ ಸಿಕ್ಕಿಕೊಳ್ಳುವ ಅಪಾಯ ಇದರಲ್ಲಿ ಕಡಿಮೆ.

ಇನ್ನು ಜಾಗದ ಮಾತು. ಎರೆ ನೆಲದ ಮೇಲೆ ಈ ಕೆಲಸ ಬೇಡ. ಬೇಸಿಗೆಯಲ್ಲಿ ಕಲ್ಲಿನಂತೆ ತೋರುವ ಎರೆ ಒಂದು ಮಳೆಗೆ ಜ್ಯಾಕನ್ನು ನುಂಗುತ್ತದೆ. ಗಟ್ಟಿಯಾದ, ಸಮತಟ್ಟಾದ ಕಾಂಕ್ರೀಟ್ ನೆಲ ಬೇಕು; ಗಾಡಿಯನ್ನು ಎತ್ತುವುದಾದರೆ ಮುಂದೆ ಹಿಂದೆ ಸಮವಾಗಿ ಎತ್ತಿ ನಾಲ್ಕೂ ಕಡೆ ಸ್ಟ್ಯಾಂಡ್ ಕೊಡಬೇಕು. ಜ್ಯಾಕ್ ಒಂದರ ಆಸರೆಯಲ್ಲೇ ನಿಂತ ಗಾಡಿಯ ಕೆಳಗೆ ದಯವಿಟ್ಟು ತಲೆ ಹಾಕಬೇಡಿ. ಗಾಳಿ ಬೀಸುವ ಆಷಾಢದ ದಿನಗಳಲ್ಲಿ ತೆರೆದ ಚೇಂಬರಿಗೆ ಧೂಳು ಹೊಕ್ಕರೆ ಮಾಡಿದ್ದೆಲ್ಲ ವ್ಯರ್ಥ.

ಕೆಳಗೆ ಹೊಕ್ಕ ಮೇಲೆ ಮೊದಲು ಬಿಚ್ಚಬೇಕಾದದ್ದು ತುಂಬುವ ಪ್ಲಗ್, ಇಳಿಸುವ ಪ್ಲಗ್ ಅಲ್ಲ. ಧಾರವಾಡದ ನಮ್ಮ ಅಂಗಳದಲ್ಲಿ ನಾನು ಮೊದಲ ಸಲ ಈ ಕೆಲಸ ಮಾಡಿದಾಗ, ಪೆಟ್ಟಿಗೆಯ ಬದಿಯಲ್ಲಿದ್ದ ತುಂಬುವ ಪ್ಲಗ್ ತುಕ್ಕಿನಿಂದ ಕಚ್ಚಿ ಕುಳಿತಿತ್ತು. ತುಕ್ಕು ಬಿಡಿಸುವ ದ್ರಾವಣ ಸಿಂಪಡಿಸಿ, ಕಾದು, ಮತ್ತೆ ಸಿಂಪಡಿಸಿ, ಅದು "ಟಕ್" ಎಂದು ಸಡಿಲವಾಗುವ ಹೊತ್ತಿಗೆ ಅರ್ಧ ಗಂಟೆ ಕಳೆದಿತ್ತು. ಅದಕ್ಕೂ ಮೊದಲೇ ಆಯಿಲ್ ಇಳಿಸಿಬಿಟ್ಟಿದ್ದರೆ ತುಂಬಲು ದಾರಿಯಿಲ್ಲದೆ, ಓಡಿಸಲೂ ಬಾರದೆ ಗಾಡಿ ಅಲ್ಲಿಯೇ ನಿಲ್ಲುತ್ತಿತ್ತು. ನಾಲ್ಕು ಚಕ್ರದ ಎಳೆತವಿರುವ ಗಾಡಿಯಲ್ಲಿ ಟ್ರಾನ್ಸ್‌ಫರ್ ಕೇಸಿಗೂ ಡಿಫರೆನ್ಷಿಯಲ್ಲುಗಳಿಗೂ ಬೇರೆ ಬೇರೆ ಪ್ಲಗ್ಗುಗಳಿರುವುದರಿಂದ ಯಾವುದು ಯಾವುದರದೆಂದು ನೋಡಿಕೊಂಡೇ ಪಾನಾ ಹಚ್ಚಿ.

ಇಳಿದ ಆಯಿಲನ್ನು ಅಳತೆಯ ಪಾತ್ರೆಯಲ್ಲಿ ಹಿಡಿದು, ಎಷ್ಟು ಇಳಿಯಿತೆಂದು ಬರೆದಿಟ್ಟುಕೊಳ್ಳಿ. ಮೊದಲಿಗೆ ತುಂಬಬೇಕಾದದ್ದೂ ಅಂದಾಜು ಅಷ್ಟೇ ಪ್ರಮಾಣ. ಹೊಸ ಆಯಿಲ್ ಬ್ಯಾಡಗಿ ಮೆಣಸಿನಕಾಯಿ ಹಾಕಿದ ಒಗ್ಗರಣೆಯ ಎಣ್ಣೆಯಂತೆ ಕೆಂಪಗೆ ತಿಳಿಯಾಗಿರುತ್ತದೆ. ಇಳಿದದ್ದು ಕಂದು ಬಣ್ಣಕ್ಕೆ ತಿರುಗಿದ್ದರೆ ಅದು ವಯಸ್ಸಿನ ಲಕ್ಷಣ. ಕಪ್ಪಾಗಿ, ಮೂಗಿಗೆ ಹೊಡೆಯುವ ಸುಟ್ಟ ವಾಸನೆ ಬಂದರೆ ಒಳಗೆ ಕ್ಲಚ್ ಪ್ಲೇಟುಗಳು ಬೆಂದಿವೆ ಎಂದು ತಿಳಿಯಬೇಕು. ಚೇಂಬರನ್ನು ಬಿಚ್ಚಿದರೆ ಅದರ ತಳದಲ್ಲಿ ಚಿಕ್ಕ ಅಯಸ್ಕಾಂತಗಳು ಕಾಣುತ್ತವೆ. ಅವುಗಳ ಮೇಲೆ ಬೂದು ಬಣ್ಣದ ಮೆತ್ತನೆಯ ಲೇಪ ಕುಳಿತಿರುವುದು ಸಹಜ. ಅದನ್ನು ಎರಡು ಬೆರಳ ನಡುವೆ ಹಗುರವಾಗಿ ತಿಕ್ಕಿ ನೋಡಿ: ವಿಭೂತಿಯಂತೆ ನುಣ್ಣಗಿದ್ದರೆ ಚಿಂತೆಯಿಲ್ಲ, ಚೂರು ಚೂರಾಗಿ ಚುಚ್ಚಿದರೆ ಬೇರಿಂಗ್ ಅಥವಾ ಗೇರ್ ಸವೆಯುತ್ತಿದೆ ಎಂದರ್ಥ. ಆಯಿಲ್ ಸೋಸುವ ಸ್ಟ್ರೇನರ್, ಚೇಂಬರಿನ ಅಂಚಿನ ಗ್ಯಾಸ್ಕೆಟ್, ಪ್ಲಗ್ಗಿನ ವಾಷರ್ ಹೊಸದಿರಲಿ. ಒರೆಸುವ ಬಟ್ಟೆ ಎಳೆ ಬಿಡದಂಥದ್ದಿರಲಿ. ಚೇಂಬರಿನ ಬೋಲ್ಟುಗಳು ಸಣ್ಣವು. ಬಲ ಹಾಕಿ ತಿರುಗಿಸಿದರೆ ಅಂಚು ಬಾಗಿ ಸೋರುತ್ತದೆ, ಆದ್ದರಿಂದ ಎದುರುಬದುರಾಗಿ, ಕೈಪಿಡಿಯ ಅಳತೆಗೆ ಟಾರ್ಕ್ ರೆಂಚಿನಿಂದಲೇ ಬಿಗಿಯಬೇಕು.

ಇಳಿದಷ್ಟು ಆಯಿಲನ್ನು ಕೈಪಂಪಿನಿಂದ ತುಂಬಿದ ಮೇಲೆ ಮಟ್ಟದ ಕೆಲಸ ಆರಂಭ. ಡಿಪ್‌ಸ್ಟಿಕ್ ಇಲ್ಲದ ಪೆಟ್ಟಿಗೆಗಳಲ್ಲಿ ಅದರ ಬದಲಿಗೆ ಮಟ್ಟ ತೋರುವ ಪ್ಲಗ್ ಇರುತ್ತದೆ; ಅದನ್ನು ಬಿಚ್ಚಿದಾಗ ಹೆಚ್ಚಾದ ಆಯಿಲ್ ಹೊರಗೆ ಹರಿದು, ಬೇಕಾದಷ್ಟು ಒಳಗೆ ಉಳಿಯಬೇಕು. ಆದರೆ ಆಯಿಲ್ ಬಿಸಿಯಾದಂತೆ ಹಿಗ್ಗುತ್ತದೆ. 10 ಲೀಟರ್ ಆಯಿಲ್ 30 ಡಿಗ್ರಿಯಿಂದ 80 ಡಿಗ್ರಿಗೆ ಕಾದರೆ ಸುಮಾರು ಮೂರನೇ ಒಂದು ಲೀಟರಿನಷ್ಟು ಹೆಚ್ಚಿ ನಿಲ್ಲುತ್ತದೆ. ಅತಿ ಬಿಸಿಯಲ್ಲಿ ಪ್ಲಗ್ ಬಿಚ್ಚಿದರೆ ಇರಬೇಕಾದ ಆಯಿಲೂ ಹರಿದುಹೋಗಿ, ಪಂಪ್ ಗಾಳಿ ಎಳೆದು, ಕ್ಲಚ್‌ಗಳಿಗೆ ಒತ್ತಡ ಸಾಲದೆ ಜಾರುತ್ತವೆ. ತಣ್ಣಗಿದ್ದಾಗ ನೋಡಿ ಸಾಲದೆಂದು ಮತ್ತೆ ಸುರಿದರೆ, ಕಾದ ಮೇಲೆ ಅದು ತಿರುಗುವ ಭಾಗಗಳಿಗೆ ತಾಗಿ ಮಜ್ಜಿಗೆ ಕಡೆದಂತೆ ನೊರೆ ಏಳುತ್ತದೆ. ಅದಕ್ಕಾಗಿಯೇ ತಯಾರಕರು ಮಟ್ಟ ನೋಡಲು ಒಂದು ಉಷ್ಣಾಂಶದ ಮಿತಿಯನ್ನು ಹಾಕಿರುತ್ತಾರೆ; ಹಲವು ಪೆಟ್ಟಿಗೆಗಳಲ್ಲಿ ಅದು 40 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ನಿಮ್ಮ ಪೆಟ್ಟಿಗೆಯ ಅಂಕಿಯನ್ನು ಸರ್ವೀಸ್ ಕೈಪಿಡಿಯಿಂದಲೇ ತೆಗೆದುಕೊಳ್ಳಬೇಕು.

ಇಲ್ಲಿ ನಮ್ಮ ಊರುಗಳ ಹವೆ ಅಡ್ಡ ಬರುತ್ತದೆ. ಏಪ್ರಿಲ್ ಮಧ್ಯಾಹ್ನ ಹುಬ್ಬಳ್ಳಿ, ಗದಗಗಳ ಬಿಸಿಲು 37-38 ಡಿಗ್ರಿ ಮುಟ್ಟುವುದರಿಂದ, ಎಂಜಿನ್ ಚಾಲೂ ಮಾಡುವ ಮುಂಚೆಯೇ ಆಯಿಲ್ ಆ ಮಿತಿಗೆ ಬಂದಿರುತ್ತದೆ, ಕೆಲವೇ ನಿಮಿಷಗಳಲ್ಲಿ ಅದನ್ನು ದಾಟಿಯೂ ಹೋಗುತ್ತದೆ. ಆದ್ದರಿಂದ ರಾತ್ರಿಯಿಡೀ ನಿಂತು ತಣಿದ ಗಾಡಿಗೆ ನಸುಕಿನಲ್ಲೇ ಕೈ ಹಚ್ಚಿ. ಗಾಡಿಯ ಕಂಪ್ಯೂಟರಿನ ಮಾಹಿತಿ ಓದುವ ಓಬಿಡಿ ಸ್ಕ್ಯಾನರ್ ಜೋಡಿಸಿ, ಪೆಟ್ಟಿಗೆಯ ಆಯಿಲಿನ ಉಷ್ಣಾಂಶ ತೋರುವ ಪರದೆಯನ್ನು ತೆರೆದಿಡಿ. ಬಯಲಿನಲ್ಲಿ, ಚಕ್ರಗಳಿಗೆ ಅಡ್ಡ ಕೊಟ್ಟು, ಹ್ಯಾಂಡ್‌ಬ್ರೇಕ್ ಹಾಕಿ ಎಂಜಿನ್ ಚಾಲೂ ಮಾಡಿ, ಬ್ರೇಕ್ ಒತ್ತಿಹಿಡಿದು ಗೇರ್ ಲಿವರನ್ನು ಪ್ರತಿ ಸ್ಥಾನದಲ್ಲೂ ಕೆಲವು ಸೆಕೆಂಡು ನಿಲ್ಲಿಸಿ ಮತ್ತೆ ಪಾರ್ಕಿಗೆ ತನ್ನಿ. ಉಷ್ಣಾಂಶ ಮಿತಿಯೊಳಗೆ ಬಂದಾಗ ಎಂಜಿನ್ ಓಡುತ್ತಿರುವಂತೆಯೇ ಮಟ್ಟದ ಪ್ಲಗ್ ಬಿಚ್ಚಬೇಕು. ಧಾರೆಯಾಗಿ ಸುರಿದರೆ ಅದು ತೆಳುವಾಗಿ, ಹನಿಹನಿಯಾಗುವವರೆಗೆ ಕಾದು ಮುಚ್ಚಿ. ಏನೂ ಬಾರದಿದ್ದರೆ ಹನಿ ಬೀಳುವವರೆಗೆ ಪಂಪಿನಿಂದ ತುಂಬಿ. ನಡುವೆ ಉಷ್ಣಾಂಶ ಮಿತಿ ಮೀರಿದರೆ ಎಂಜಿನ್ ಆರಿಸಿ, ತಣಿಯಲು ಬಿಟ್ಟು ಮತ್ತೊಮ್ಮೆ ಮಾಡಿ. ಈ ಹಂತದಲ್ಲಿ ಒಬ್ಬರು ಸ್ಕ್ಯಾನರ್ ನೋಡುತ್ತ ಸ್ಟೀರಿಂಗ್ ಮುಂದೆ ಕುಳಿತಿರಲೇಬೇಕು.

ಮುಟ್ಟಿದರೆ ಕೆಡುತ್ತದೆ ಎಂಬ ಹೆದರಿಕೆಗೂ ಒಂದು ಮೂಲವಿದೆ. ಗೇರ್ ಜಾರಲು ಆರಂಭಿಸಿದ ಮೇಲೆ ಕೊನೆಯ ಆಸೆಯಾಗಿ ಆಯಿಲ್ ಬದಲಿಸಿದವರ ಗಾಡಿಗಳು ಬಹುಬೇಗ ಕೈಕೊಟ್ಟಿವೆ. ಸವೆದದ್ದು ಪ್ಲೇಟುಗಳು, ಅಪವಾದ ಬಂದದ್ದು ಹೊಸ ಆಯಿಲಿಗೆ. ನಿಮ್ಮ ಪಿಕಪ್‌ನಲ್ಲಿ ಎಂಜಿನ್ ಸದ್ದು ಏರಿದರೂ ವೇಗ ಏರದಿರುವುದು, ಗೇರ್ ಬೀಳುವಾಗ ಗುದ್ದುವುದು ಇಂಥ ಲಕ್ಷಣಗಳಿದ್ದರೆ ಮನೆಯಲ್ಲಿ ಕೈ ಹಾಕದೆ, ಗೇರ್‌ಬಾಕ್ಸ್ ಬಿಚ್ಚಿ ದುರಸ್ತಿ ಮಾಡಬಲ್ಲವರಿಗೇ ತೋರಿಸಿ. ಅವಿಲ್ಲದಿದ್ದರೆ 90,000 ಕಿಲೋಮೀಟರ್ ಬದಲಿಸಲು ತಕ್ಕ ಸಮಯವೇ.

ಇಳಿಸಿದ ಆಯಿಲನ್ನು ಚರಂಡಿಗಾಗಲಿ ಹೊಲದ ಬದುವಿಗಾಗಲಿ ಸುರಿಯಬೇಡಿ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಅದು ಅಧಿಕೃತ ಮರುಬಳಕೆದಾರರಿಗೆ ಸೇರಬೇಕಾದ ವಸ್ತು. ಡಬ್ಬಿಯಲ್ಲಿ ಭದ್ರವಾಗಿ ಮುಚ್ಚಿ, ಹಳೆಯ ಆಯಿಲನ್ನು ಹಾಗೆ ಸಂಗ್ರಹಿಸಿ ಕಳಿಸುವ ಸರ್ವೀಸ್ ಕೇಂದ್ರಕ್ಕೆ ಒಪ್ಪಿಸಿ. ಮೊದಲ ಐವತ್ತು ಕಿಲೋಮೀಟರ್ ಓಡಿಸಿ ಬಂದ ಮೇಲೆ ಚೇಂಬರಿನ ಕೆಳಗೆ ಒಂದು ಬಿಳಿ ರಟ್ಟನ್ನು ಹಾಸಿ, ಬೆಳಿಗ್ಗೆ ಅದರ ಮೇಲೆ ಕೆಂಪು ಚುಕ್ಕೆ ಬಿದ್ದಿದೆಯೇ ಎಂದು ನೋಡಿಕೊಳ್ಳಿ.